ಶೋಕಸೂಚಕ ಉಂಗುರ

ಶೋಕಸೂಚಕ ಉಂಗುರವು ಮೃತರ ನೆನಪಿಗಾಗಿ ಧರಿಸುವ ಆಭರಣ. ಯುರೋಪಿನಲ್ಲಿ, ವಿಶೇಷವಾಗಿ ಇಂಗ್ಲೆಂಡಿನಲ್ಲಿ, 17ರಿಂದ 19ನೆಯ ಶತಮಾನದವರೆಗೆ ಇದು ವ್ಯಾಪಕವಾಗಿ ರೂಢಿಯಲ್ಲಿತ್ತು. ಕರ್ನಾಟಕದಲ್ಲಿ ಉಂಗುರವನ್ನು ಸಾವಿನೊಂದಿಗೆ ಜೋಡಿಸುವ ಆಚರಣೆಗಳು ಬೇರೆ ಬಗೆಯವು. ಅವುಗಳಲ್ಲಿ ಮುಖ್ಯವಾದವು ಎರಡು: ಅಪರಕರ್ಮದಲ್ಲಿ ದರ್ಭೆಯ ‘ಪವಿತ್ರ’ವನ್ನು ಧರಿಸುವುದು ಮತ್ತು ಪತಿಯ ಮರಣಾನಂತರ ಪತ್ನಿಯ ಕಾಲುಂಗುರವನ್ನು ತೆಗೆಯುವುದು. ಯುರೋಪಿನಲ್ಲಿ ಉಂಗುರ ತೊಡುವುದು ಶೋಕದ ಗುರುತಾಗಿದ್ದರೆ, ಇಲ್ಲಿ ವಿಧವೆಯ ಪಾಲಿಗೆ ಅದನ್ನು ಕಳಚುವುದೇ ಶೋಕದ ಗುರುತಾಗಿದೆ.

ಸಂಕೇತಾರ್ಥ

ಆದಿ ಅಂತ್ಯಗಳಿಲ್ಲದ ವೃತ್ತಾಕಾರದಿಂದಾಗಿ ಉಂಗುರವು ಅನೇಕ ಸಂಸ್ಕೃತಿಗಳಲ್ಲಿ ನಿರಂತರತೆಯ ಮತ್ತು ನಿಷ್ಠೆಯ ಸಂಕೇತವಾಗಿದೆ. ಭಾರತೀಯ ಸಾಹಿತ್ಯದಲ್ಲಿ ಅದು ಗುರುತಿನ ವಸ್ತುವೂ ಹೌದು. ರಾಮಾಯಣದಲ್ಲಿ ಹನುಮಂತನು ಸೀತೆಗೆ ರಾಮನ ಮುದ್ರೆಯುಂಗುರವನ್ನು ಒಪ್ಪಿಸುತ್ತಾನೆ. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದಲ್ಲಿ ಶಾಪದಿಂದ ಶಕುಂತಲೆಯನ್ನು ಮರೆತ ದುಷ್ಯಂತನಿಗೆ ಉಂಗುರವೇ ನೆನಪನ್ನು ಮರಳಿಸುತ್ತದೆ.

ಯುರೋಪಿನ ಪದ್ಧತಿ

ಸ್ಮರಣೆಯ ಉಂಗುರಕ್ಕಾಗಿ ಉಯಿಲಿನಲ್ಲಿಯೇ ಹಣ ಮೀಸಲಿಡುವ ವಾಡಿಕೆ ಇಂಗ್ಲೆಂಡಿನಲ್ಲಿತ್ತು. ನಾಟಕಕಾರ ವಿಲಿಯಂ ಷೇಕ್ಸ್‌ಪಿಯರ್ ತನ್ನ 1616ರ ಉಯಿಲಿನಲ್ಲಿ ಮೂವರು ಸಹನಟರಿಗೆ ಉಂಗುರ ಕೊಳ್ಳಲು ತಲಾ 26 ಷಿಲಿಂಗ್ 8 ಪೆನ್ಸ್ ಬಿಟ್ಟಿದ್ದನು. ಮೃತರ ಹೆಸರು, ವಯಸ್ಸು ಮತ್ತು ಮರಣದ ದಿನಾಂಕವನ್ನು ಉಂಗುರದ ಮೇಲೆ ಕೆತ್ತಿಸಲಾಗುತ್ತಿತ್ತು. ಕೆಲವೊಮ್ಮೆ ಮೃತರ ಕೂದಲನ್ನು ಗಾಜಿನಡಿ ಇರಿಸಲಾಗುತ್ತಿತ್ತು. ಕಪ್ಪು ಎನಾಮೆಲ್ ಸಾಮಾನ್ಯವಾಗಿತ್ತು. ಬಿಳಿ ಎನಾಮೆಲ್ ಅವಿವಾಹಿತರ ಮತ್ತು ಮಕ್ಕಳ ಸಾವನ್ನು ಸೂಚಿಸುತ್ತಿತ್ತು. ಮುತ್ತು ಕಣ್ಣೀರಿನ ಸಂಕೇತವಾಗಿತ್ತು. 1861ರಲ್ಲಿ ಪತಿ ಆಲ್ಬರ್ಟ್ ನಿಧನನಾದ ಬಳಿಕ ವಿಕ್ಟೋರಿಯಾ ರಾಣಿ ಆಚರಿಸಿದ ದೀರ್ಘ ಶೋಕದಿಂದ ಇಂಥ ಆಭರಣಗಳ ಬಳಕೆ ಇನ್ನಷ್ಟು ಹರಡಿತು.

ಪವಿತ್ರ

ದರ್ಭೆಯ ಎಸಳುಗಳನ್ನು ಹೊಸೆದು, ಗಂಟು ಹಾಕಿ ಮಾಡುವ ಉಂಗುರಕ್ಕೆ ಪವಿತ್ರ ಎಂದು ಹೆಸರು. ಇದನ್ನು ಕರ್ತೃವು ಬಲಗೈಯ ಅನಾಮಿಕಾ ಬೆರಳಿಗೆ, ಅಂದರೆ ಉಂಗುರ ಬೆರಳಿಗೆ ಧರಿಸುತ್ತಾನೆ. ಶುಭಕಾರ್ಯಗಳಲ್ಲೂ ಪವಿತ್ರಧಾರಣೆಯುಂಟು, ಎಸಳುಗಳ ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸ. ಪ್ರೇತಕಾರ್ಯಕ್ಕೆ ಒಂದು, ಶುಭಕಾರ್ಯಕ್ಕೆ ಎರಡು, ಪಿತೃತರ್ಪಣಕ್ಕೆ ಮೂರು ಎಂಬ ಕ್ರಮ ಪ್ರಚಲಿತವಾಗಿದ್ದರೂ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಭೇದಗಳಿವೆ. ಕರ್ಮ ಮುಗಿದ ಮೇಲೆ ಗಂಟು ಬಿಚ್ಚಿ ಪವಿತ್ರವನ್ನು ವಿಸರ್ಜಿಸಲಾಗುತ್ತದೆ. ಯುರೋಪಿನ ಉಂಗುರದಂತೆ ಇದು ತಲೆಮಾರುಗಳವರೆಗೆ ಉಳಿಯುವ ವಸ್ತುವಲ್ಲ.

ಕಾಲುಂಗುರ

ಕರ್ನಾಟಕದ ಅನೇಕ ಹಿಂದೂ ಸಮುದಾಯಗಳಲ್ಲಿ ಕಾಲುಂಗುರವು ತಾಳಿಯಂತೆಯೇ ಮುತ್ತೈದೆತನದ ಗುರುತು. ವಿವಾಹದಲ್ಲಿ ತೊಡಿಸುವ ಈ ಉಂಗುರವನ್ನು ಎರಡೂ ಪಾದಗಳಲ್ಲಿ ಹೆಬ್ಬೆರಳ ಪಕ್ಕದ ಬೆರಳಿಗೆ ಧರಿಸಲಾಗುತ್ತದೆ. ಚಿನ್ನವನ್ನು ಸೊಂಟದ ಕೆಳಗೆ ಧರಿಸಬಾರದೆಂಬ ನಂಬಿಕೆಯಿಂದ ಇದನ್ನು ಸಾಮಾನ್ಯವಾಗಿ ಬೆಳ್ಳಿಯಲ್ಲಿ ಮಾಡಿಸುತ್ತಾರೆ. ಈ ಬೆರಳಿನ ನರವು ನೇರವಾಗಿ ಗರ್ಭಕೋಶವನ್ನು ಸೇರುತ್ತದೆ ಎಂಬ ಜನಪ್ರಿಯ ಹೇಳಿಕೆಗೆ ಅಂಗರಚನಾಶಾಸ್ತ್ರದಲ್ಲಿ ಆಧಾರವಿಲ್ಲ.

ಪತಿ ತೀರಿಕೊಂಡಾಗ ಕುಂಕುಮ ಅಳಿಸುವ, ಬಳೆ ಒಡೆಯುವ, ತಾಳಿ ತೆಗೆಯುವ ವಿಧಿಗಳೊಂದಿಗೆ ಕಾಲುಂಗುರವನ್ನೂ ಕಳಚುವ ಪದ್ಧತಿ ಹಲವು ಸಮುದಾಯಗಳಲ್ಲಿದೆ. ಕೆಲವೆಡೆ ಇದು ಅಂತ್ಯಸಂಸ್ಕಾರದ ದಿನವೇ ನಡೆದರೆ, ಕೆಲವೆಡೆ ಉತ್ತರಕ್ರಿಯೆಯ ದಿನಗಳಲ್ಲಿ ನಡೆಯುತ್ತದೆ. ಪತ್ನಿಯನ್ನು ಕಳೆದುಕೊಂಡ ಪುರುಷನಿಗೆ ಇದಕ್ಕೆ ಸಮಾನವಾದ ವಿಧಿಯಿಲ್ಲ. ಯುರೋಪಿನಲ್ಲಿ ಶೋಕದ ಉಂಗುರವು ಮೃತರ ಹೆಸರನ್ನು ಹೇಳುತ್ತಿತ್ತು. ಕಾಲುಂಗುರವಿಲ್ಲದ ಪಾದವಾದರೋ ಬದುಕಿರುವವಳ ಸ್ಥಿತಿಯನ್ನು ಸಾರುತ್ತದೆ. ಈ ಗುರುತಿನ ಆಧಾರದ ಮೇಲೆಯೇ ಆಕೆಯನ್ನು ಮಂಗಳಕಾರ್ಯಗಳಿಂದ ದೂರವಿಡಲಾಗುತ್ತಿತ್ತು.

ಬದಲಾವಣೆ

ವಿಧವೆಯರ ಮೇಲಿನ ನಿರ್ಬಂಧಗಳನ್ನು ಸಮಾಜ ಸುಧಾರಕರು ಬಹುಕಾಲದಿಂದ ವಿರೋಧಿಸಿದ್ದಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಾಲಯದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. ಬೆಳಗಾವಿಗೆ ಹೊಂದಿಕೊಂಡ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮವು 2022ರ ಮೇ 4ರಂದು, ಕಾಲುಂಗುರ ತೆಗೆಯುವುದೂ ಸೇರಿದಂತೆ ವೈಧವ್ಯದ ವಿಧಿಗಳನ್ನು ನಿಷೇಧಿಸುವ ನಿರ್ಣಯವನ್ನು ಗ್ರಾಮಸಭೆಯಲ್ಲಿ ಅಂಗೀಕರಿಸಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರವು ಈ ಮಾದರಿಯನ್ನು ಅನುಸರಿಸುವಂತೆ ಇತರ ಗ್ರಾಮ ಪಂಚಾಯಿತಿಗಳಿಗೆ ಸುತ್ತೋಲೆಯ ಮೂಲಕ ತಿಳಿಸಿತು. ಇಂದು ಕರ್ನಾಟಕದಲ್ಲಿಯೂ ಕೆಲವು ಕುಟುಂಬಗಳು ಕಾಲುಂಗುರವನ್ನು ಉಳಿಸಿಕೊಳ್ಳುವ ತೀರ್ಮಾನವನ್ನು ಪತಿಯನ್ನು ಕಳೆದುಕೊಂಡ ಮಹಿಳೆಗೇ ಬಿಡುತ್ತಿವೆ.