ಬಯಲು ಎಲ್ಲರ ಅಮಾನತು: ಮದೀನಾದ ಸಂತೆಯಿಂದ ಲಾಲ್‌ಬಾಗ್‌ವರೆಗೆ

ಪ್ರತಿ ವರ್ಷ ಮದ್ರಸಾದ ಪರೀಕ್ಷೆಗಳು ಮುಗಿದ ಬಳಿಕ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುವುದು ನಮ್ಮ ರೂಢಿ. ಒಮ್ಮೆ ಬೆಂಗಳೂರಿನ ಲಾಲ್‌ಬಾಗ್‌ಗೆ ಹೋಗಿದ್ದೆವು. ಮರದ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಾಗ ಮೂರನೆಯ ತರಗತಿಯ ಬಾಲಕಿಯೊಬ್ಬಳು, "ಉಸ್ತಾದ್, ಈ ತೋಟ ಯಾರದು?" ಎಂದು ಕೇಳಿದಳು. ನಾವು ಬಾಯಿ ತೆರೆಯುವ ಮೊದಲೇ ಹುಡುಗನೊಬ್ಬ, "ಟಿಪ್ಪು ಸುಲ್ತಾನರದು" ಎಂದ. ಇನ್ನೊಬ್ಬ, "ಅಲ್ಲ, ಸರಕಾರದ್ದು" ಎಂದ. ಬಾಲಕಿಗೆ ಎರಡೂ ಸಮಾಧಾನ ತರಲಿಲ್ಲ. "ಹಾಗಾದರೆ ನಾವು ಯಾರನ್ನು ಕೇಳಿ ಇಲ್ಲಿ ಕೂತಿದ್ದೇವೆ?" ಎಂದಳು.

ಅಂದು ನಾವು ನಗುತ್ತಾ ಏನೋ ಒಂದು ಉತ್ತರ ಕೊಟ್ಟು ಮಾತು ಮುಗಿಸಿದೆವು. ಆದರೆ ಪ್ರಶ್ನೆ ಮುಗಿಯಲಿಲ್ಲ. ಮನೆಗೆ ಹಕ್ಕುಪತ್ರವಿದೆ, ಅಂಗಡಿಗೆ ಮಾಲೀಕನಿದ್ದಾನೆ, ಹೊಲಕ್ಕೆ ಪಹಣಿ ಇದೆ. ಊರ ನಡುವಿನ ಬಯಲು, ಮೈದಾನ, ಉದ್ಯಾನಗಳಿಗೆ ಯಾರು ಒಡೆಯರು? ಯಾರನ್ನೂ ಕೇಳದೆ ಅಲ್ಲಿ ಕೂರುವ ಹಕ್ಕು ಮನುಷ್ಯನಿಗೆ ಎಲ್ಲಿಂದ ಬಂತು? ಇತಿಹಾಸದ ಪುಟಗಳಲ್ಲಿ ಇದಕ್ಕೆ ಉತ್ತರವಿದೆ.

ಪ್ರವಾದಿ ಮುಹಮ್ಮದ್(ಸ)ರವರು ಕ್ರಿ.ಶ. 622ರಲ್ಲಿ ಮದೀನಾಕ್ಕೆ ಹಿಜ್‌ರತ್ ಮಾಡಿದ ನಂತರ ಮೊದಲು ಮಸೀದಿಯನ್ನು ಕಟ್ಟಿಸಿದ ವಿಷಯ ನಮ್ಮ ಮಕ್ಕಳಿಗೂ ಗೊತ್ತು. ಅವರು ಆ ಊರಿಗೆ ಒಂದು ಸಂತೆಯ ಬಯಲನ್ನೂ ಗೊತ್ತುಮಾಡಿಕೊಟ್ಟರು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮಸೀದಿಯ ಪಶ್ಚಿಮ ದಿಕ್ಕಿನಲ್ಲಿದ್ದ ಆ ಪ್ರದೇಶ ಮುಂದೆ 'ಮನಾಖ', ಅಂದರೆ ಒಂಟೆಗಳು ಮಂಡಿಯೂರುವ ಸ್ಥಳ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದು ನಿಮ್ಮ ಸಂತೆ, ಇದನ್ನು ಯಾರೂ ಕಿರಿದುಗೊಳಿಸಬಾರದು, ಇಲ್ಲಿ ಯಾರಿಂದಲೂ ಸುಂಕ ವಸೂಲು ಮಾಡಬಾರದು ಎಂಬ ಆಶಯದ ಮಾತುಗಳನ್ನು ಪ್ರವಾದಿ(ಸ)ರವರು ಆಡಿದರೆಂದು ವರದಿಗಳಲ್ಲಿ ಬರುತ್ತದೆ.

ಈ ಎರಡು ನಿಯಮಗಳ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಕಟ್ಟಡವಿಲ್ಲದ ಕಡೆ ಶಾಶ್ವತ ಸ್ಥಾನ ಯಾರಿಗೂ ಇರುವುದಿಲ್ಲ. ಸುಂಕವಿಲ್ಲದ ಕಡೆ ಬಡವನನ್ನು ಹೊರಗಿಡುವ ಬಾಗಿಲೂ ಇರುವುದಿಲ್ಲ. ಒಂದು ಹಿಡಿ ಖರ್ಜೂರ ಮಾರಲು ಬಂದವನಿಗೂ ಹತ್ತು ಒಂಟೆಗಳ ಹೇರು ತಂದವನಿಗೂ ಅಲ್ಲಿ ಒಂದೇ ನೆಲ. ಆ ಬಯಲು ಎಷ್ಟು ತೆರೆದಿತ್ತೆಂದರೆ, ದೂರದಿಂದ ಬಂದ ಸವಾರನು ತನ್ನ ಒಂಟೆಯ ಜೀನನ್ನು ಒಂದೆಡೆ ಇಳಿಸಿ ಸಂತೆಯನ್ನೆಲ್ಲ ಸುತ್ತಿ ಬರಬಹುದಿತ್ತು. ಎಲ್ಲಿ ನಿಂತರೂ ಅವನ ಜೀನು ಅವನ ಕಣ್ಣಿಗೆ ಕಾಣುತ್ತಿತ್ತು, ಮರೆಮಾಡುವ ಗೋಡೆ ಒಂದೂ ಇರಲಿಲ್ಲ ಎಂದು ಮದೀನಾದ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಖಲೀಫಾ ಉಮರ್(ರ)ರವರ ಕಾಲದಲ್ಲಿ ಈ ನಿಯಮ ಇನ್ನಷ್ಟು ಸ್ಪಷ್ಟವಾಯಿತು. ಸಂತೆಗೆ ಮಸೀದಿಯ ನಿಯಮವೇ ಅನ್ವಯಿಸುತ್ತದೆ ಎಂಬುದು ಅವರ ನಿಲುವು. ಮಸೀದಿಯಲ್ಲಿ ಮೊದಲು ಬಂದವನು ಮೊದಲ ಸಾಲಿನಲ್ಲಿ ನಿಲ್ಲುತ್ತಾನೆ. ಅವನು ಧನಿಕನೋ ಬಡವನೋ ಎಂದು ಯಾರೂ ಕೇಳುವುದಿಲ್ಲ. ಎದ್ದು ಹೋದ ಮೇಲೆ ಆ ಜಾಗ ಅವನದಲ್ಲ. ಸಂತೆಯಲ್ಲೂ ಅಷ್ಟೇ. ಬೆಳಗ್ಗೆ ಮೊದಲು ಬಂದವನಿಗೆ ಆ ದಿನ ಆ ಜಾಗ, ವ್ಯಾಪಾರ ಮುಗಿಸಿ ಎದ್ದರೆ ಅದು ಮತ್ತೆ ಎಲ್ಲರದು. ಒಮ್ಮೆ ಅವರು ಸಂತೆಯಲ್ಲಿ ಕಮ್ಮಾರನೊಬ್ಬನ ಕುಲುಮೆಯನ್ನು ಕಂಡು, ಪ್ರವಾದಿಯವರ(ಸ) ಸಂತೆಯನ್ನು ಕಿರಿದು ಮಾಡುತ್ತಿರುವಿರಾ ಎಂದು ಪ್ರಶ್ನಿಸಿ ಅದನ್ನು ತೆಗೆಸಿದರು. ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ವಿದ್ಯಾವಂತ ಮಹಿಳೆಗೆ ಸಂತೆಯ ಕೆಲವು ವ್ಯವಹಾರಗಳ ಹೊಣೆಯನ್ನು ಅವರು ಒಪ್ಪಿಸಿದ್ದರೆಂದೂ ಕೆಲವು ಚರಿತ್ರೆಕಾರರು ಹೇಳುತ್ತಾರೆ.

ಆದರೆ ತೆರೆದ ನೆಲದ ಮೇಲೆ ಅಧಿಕಾರದ ಕಣ್ಣು ಬೀಳದೆ ಇರುವುದಿಲ್ಲ. ಉಮಯ್ಯದ್ ಆಡಳಿತದಲ್ಲಿ ಅಲ್ಲಿ ಕಟ್ಟಡಗಳು ಏಳತೊಡಗಿದವು. 724ರಿಂದ 743ರವರೆಗೆ ಆಳಿದ ಹಿಶಾಮ್ ಬಿನ್ ಅಬ್ದುಲ್ ಮಲಿಕ್‌ನ ಕಾಲದಲ್ಲಿ ಕೆಳಗೆ ಅಂಗಡಿಗಳು, ಮೇಲೆ ಬಾಡಿಗೆಯ ಕೋಣೆಗಳಿದ್ದ ದೊಡ್ಡ ಕಟ್ಟಡವೊಂದು ಸಂತೆಯ ಬಯಲನ್ನು ಆಕ್ರಮಿಸಿತು. ಹಿಶಾಮ್ ತೀರಿಕೊಂಡ ಸುದ್ದಿ ಮದೀನಾಕ್ಕೆ ತಲುಪಿದಾಗ ಊರಿನ ಜನರೇ ಮುಂದಾಗಿ ಆ ಕಟ್ಟಡವನ್ನು ಕೆಡವಿಹಾಕಿದರು. ನೂರು ವರ್ಷಗಳ ಹಿಂದೆ ಕೊಟ್ಟ ಮಾತು ಜನರ ನೆನಪಿನಲ್ಲಿ ಅಷ್ಟು ಗಟ್ಟಿಯಾಗಿ ಉಳಿದಿತ್ತು. ಆ ಬಯಲಿಗೆ ಬೇಲಿ ಇರಲಿಲ್ಲ. ಆ ನೆನಪೇ ಅದಕ್ಕೆ ಬೇಲಿಯಾಗಿತ್ತು.

ಮುಂದೆ ನಮ್ಮ ಫಿಕ್ಹ್ ವಿದ್ವಾಂಸರು ಈ ನೆನಪನ್ನು ಕಾನೂನಿನ ಭಾಷೆಗೆ ತಂದರು. 1058ರಲ್ಲಿ ನಿಧನರಾದ ಇಮಾಮ್ ಮಾವರ್ದಿಯವರು ಆಡಳಿತ ನೀತಿಯ ಕುರಿತಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬೀದಿ, ಸಂತೆ, ಬಯಲುಗಳ ಬಳಕೆಯ ಬಗ್ಗೆ ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ಎಲ್ಲರೂ ನಡೆಯುವ ದಾರಿಯಲ್ಲಿ ಯಾರಾದರೂ ಕಟ್ಟಡ ಎಬ್ಬಿಸಿದರೆ, ದಾರಿ ಎಷ್ಟೇ ಅಗಲವಾಗಿದ್ದರೂ, ಅದನ್ನು ತೆಗೆಸುವುದು ಮುಹ್ತಸಿಬ್ ಎಂಬ ನಗರ ಮೇಲ್ವಿಚಾರಕನ ಕರ್ತವ್ಯ ಎನ್ನುತ್ತಾರೆ ಅವರು. ಕಟ್ಟಿದ್ದು ಮಸೀದಿಯಾಗಿದ್ದರೂ ಸರಿಯೇ ಎಂದೂ ಸೇರಿಸುತ್ತಾರೆ. ದಾರಿ ಇರುವುದು ನಡೆಯುವುದಕ್ಕೆ, ಕಟ್ಟುವುದಕ್ಕಲ್ಲ. ಈ ಮಾತು ಕಠಿಣವೆನಿಸಬಹುದು. ಆದರೆ ಇದನ್ನು ಬರೆದವರು ಬಗ್ದಾದಿನ ಹಿರಿಯ ಖಾಝಿಯಾಗಿದ್ದವರು, ಮಸೀದಿಯ ಮಹತ್ವವನ್ನು ನಮಗಿಂತ ಚೆನ್ನಾಗಿ ಬಲ್ಲವರು. ಅನ್ಯರ ಹಕ್ಕಿನ ನೆಲದಲ್ಲಿ ಪುಣ್ಯದ ಕೆಲಸವೂ ಪುಣ್ಯವಾಗುವುದಿಲ್ಲ ಎಂಬುದೇ ಅವರ ಮಾತಿನ ಸಾರ. ಈ ನಿಯಮ ಎಲ್ಲರಿಗೂ ಒಂದೇ ಸಮನಾಗಿದ್ದಾಗ ಮಾತ್ರ ಅದು ನ್ಯಾಯವೆನಿಸುತ್ತದೆ ಎಂಬುದನ್ನೂ ನಾವು ಮರೆಯಬಾರದು.

ಇಲ್ಲಿ ನಮ್ಮ ಕನ್ನಡದ ಎರಡು ಪದಗಳತ್ತ ಗಮನ ಹರಿಸೋಣ. ನಾವು ದಿನವೂ ಬಳಸುವ 'ಮೈದಾನ' ಎಂಬ ಪದ ಪರ್ಷಿಯನ್ ಮತ್ತು ಅರಬಿ ಜಗತ್ತಿನಿಂದ ಬಂದುದು. 'ಬಾಗ್' ಎಂದರೆ ಪರ್ಷಿಯನ್ ಭಾಷೆಯಲ್ಲಿ ತೋಟ. ಈ ಎರಡೂ ಪದಗಳು ಒಂದೇ ನಗರದಲ್ಲಿ ಒಟ್ಟಾಗಿ ಅರಳಿದ್ದನ್ನು ನೋಡಬೇಕಾದರೆ ಇರಾನಿನ ಇಸ್ಫಹಾನ್‌ಗೆ ಹೋಗಬೇಕು.

1598ರ ಸುಮಾರಿಗೆ ಷಾ ಅಬ್ಬಾಸನು ಇಸ್ಫಹಾನನ್ನು ರಾಜಧಾನಿಯನ್ನಾಗಿಸಿ, ಅಲ್ಲಿ ಸುಮಾರು 560 ಮೀಟರ್ ಉದ್ದ, 160 ಮೀಟರ್ ಅಗಲದ 'ನಕ್ಷ್-ಎ-ಜಹಾನ್' ಮೈದಾನವನ್ನು ನಿರ್ಮಿಸತೊಡಗಿದನು. ಅದರ ಒಂದು ಪಕ್ಕದಲ್ಲಿ ಅರಮನೆಯ ಹೆಬ್ಬಾಗಿಲು, ಅದಕ್ಕೆ ಎದುರಾಗಿ ಒಂದು ಮಸೀದಿ, ದಕ್ಷಿಣದ ತುದಿಯಲ್ಲಿ ಇನ್ನೊಂದು ದೊಡ್ಡ ಮಸೀದಿ, ಉತ್ತರದಲ್ಲಿ ಬಜಾರಿನ ಬಾಗಿಲು. ಅರಸನ ವೈಭವಕ್ಕಾಗಿ ಕಟ್ಟಿದ ಮೈದಾನವದು. ಅಲ್ಲಿ ಸೈನ್ಯದ ಮೆರವಣಿಗೆ ನಡೆಯುತ್ತಿತ್ತು, ಕುದುರೆಯೇರಿ ಚೆಂಡಾಡುವ ಪೋಲೋ ಪಂದ್ಯ ನಡೆಯುತ್ತಿತ್ತು. ಅದರ ಕಲ್ಲಿನ ಗೋಲು ಕಂಬಗಳು ಇಂದಿಗೂ ಅಲ್ಲಿವೆ. ಆದರೆ ಆಟವಿಲ್ಲದ ದಿನಗಳಲ್ಲಿ ಅದೇ ನೆಲದ ಮೇಲೆ ಸಣ್ಣ ವ್ಯಾಪಾರಿಗಳು ಡೇರೆ ಹಾಕುತ್ತಿದ್ದರು, ಸಂಜೆಯಾದರೆ ಕಥೆ ಹೇಳುವವರು, ಗಾರುಡಿಗರು ಜನರನ್ನು ಸೇರಿಸುತ್ತಿದ್ದರು. ಹಗಲು ಅರಸನದಾಗಿದ್ದ ಮೈದಾನವನ್ನು ಸಂಜೆ ಜನರು ತಮ್ಮದಾಗಿಸಿಕೊಂಡರು.

ಅದೇ ನಗರದ 'ಚಹಾರ್ ಬಾಗ್' ಎಂಬ ಸಾಲುಮರಗಳ ವಿಶಾಲ ಹಾದಿಯಲ್ಲಿ ಷಾ ಅಬ್ಬಾಸನು 1609ರಲ್ಲಿ ಒಂದು ಏರ್ಪಾಡು ಮಾಡಿದನು. ಬುಧವಾರದ ದಿನ ಆ ಹಾದಿ ಸ್ತ್ರೀಯರ ವಿಹಾರಕ್ಕೆ ಮಾತ್ರ ಮೀಸಲು. ಅರಸರ ನಡತೆಯಲ್ಲಿ ಒಪ್ಪತಕ್ಕದ್ದೂ ಇದೆ, ಒಪ್ಪಲಾಗದ್ದೂ ಇದೆ. ಆದರೆ ಎಲ್ಲರದೆಂದು ಹೇಳುವ ಜಾಗಕ್ಕೆ ದುರ್ಬಲರು ನಿಜವಾಗಿಯೂ ಬರಲು ಸಾಧ್ಯವೇ ಎಂದು ಅಂದು ಯಾರೋ ಯೋಚಿಸಿದ್ದರು. ಬಾಗಿಲು ತೆರೆದಿಟ್ಟರೆ ಸಾಲದು, ಒಳಗೆ ನೆಮ್ಮದಿಯಿಂದ ಕೂರುವಂತಿರಬೇಕು. ನಮ್ಮ ಊರುಗಳ ಉದ್ಯಾನಗಳಲ್ಲಿ ನಮ್ಮ ತಾಯಂದಿರು, ಹೆಣ್ಣುಮಕ್ಕಳು ಎಷ್ಟು ಹೊತ್ತು ನಿಶ್ಚಿಂತೆಯಿಂದ ಕೂರುತ್ತಾರೆ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಆ 'ಬಾಗ್' ಪರಂಪರೆಯ ಒಂದು ಬೀಜ ನಮ್ಮ ನಾಡಿನಲ್ಲೂ ಬಿತ್ತು. ಪರ್ಷಿಯಾದ ತೋಟಗಳ ಮಾದರಿಯನ್ನು ಮೊಘಲರು ಭಾರತಕ್ಕೆ ತಂದರು. ಅವರ ಆಡಳಿತ ಕೇಂದ್ರವಾಗಿದ್ದ ಶಿರಾದಲ್ಲಿ ಅಂತಹ ತೋಟವೊಂದಿತ್ತು. ಅದರಿಂದ ಸ್ಫೂರ್ತಿ ಪಡೆದು ಹೈದರ್ ಅಲಿ 1760ರಲ್ಲಿ ಬೆಂಗಳೂರಿನಲ್ಲಿ ಸುಮಾರು 40 ಎಕರೆಯ ತೋಟವನ್ನು ಆರಂಭಿಸಿದರು. ಟಿಪ್ಪು ಸುಲ್ತಾನರು ದೂರದೇಶಗಳಿಂದ ಸಸಿ, ಬೀಜಗಳನ್ನು ತರಿಸಿ ಅದನ್ನು ಬೆಳೆಸಿದರು. 1788ರಲ್ಲಿ ಫ್ರಾನ್ಸಿಗೆ ಹೋದ ಅವರ ರಾಯಭಾರಿಗಳು ಅಲ್ಲಿಂದ ಕೇಳಿದ್ದರಲ್ಲಿ ಕುಶಲಕರ್ಮಿಗಳ ಜೊತೆಗೆ ಗಿಡಬೀಜಗಳೂ ಇದ್ದವು. ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಈ ತೋಟಗಳನ್ನು ಕಂಡು ವಿವರಿಸಿದ್ದಾನೆ. ಚೌಕಾಕಾರದ ಮಡಿಗಳು, ನಡುವೆ ನಡೆದಾಡುವ ದಾರಿಗಳು, ಅಂಚಿನಲ್ಲಿ ಸೈಪ್ರೆಸ್ ಮರಗಳು. ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಒಂದೊಂದು ಗಿಡಕ್ಕೆ ಒಂದೊಂದು ಮಡಿ ಮೀಸಲಿಡುವುದು ಮುಸಲ್ಮಾನರ ಪದ್ಧತಿ ಎಂದೂ ಆತ ಗುರುತಿಸಿದ್ದಾನೆ.

ಅಂದು ಅದು ಅರಸರ ತೋಟ. ಅದು ಎಲ್ಲರ ತೋಟವಾದದ್ದು ನಿಧಾನವಾಗಿ, ಅನೇಕ ಕೈಗಳಿಂದ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಜಾನ್ ಕ್ಯಾಮೆರಾನ್ ಅದನ್ನು ನೋಡಿಕೊಂಡರು. ಅವರ ಅವಧಿಯಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅವರ ನಂತರ ಜರ್ಮನಿಯ ಕ್ರುಂಬಿಗಲ್ ಬಂದರು. ಆಮೇಲೆ ನಮ್ಮವರೇ ಆದ ಜವರಾಯ, ಮರಿಗೌಡ ಅವರಂತಹ ಅಧಿಕಾರಿಗಳು ಬಂದರು. ಮಣ್ಣು ಅಗೆದು ನೀರುಣಿಸಿದ ತಿಗಳ ಸಮುದಾಯದ ತೋಟಗಾರರನ್ನಂತೂ ಮರೆಯುವಂತಿಲ್ಲ. 40 ಎಕರೆ ಇಂದು 240 ಎಕರೆಯಾಗಿದೆ. ನೆಟ್ಟವರ ಧರ್ಮ ಬೇರೆ, ಭಾಷೆ ಬೇರೆ, ದೇಶ ಬೇರೆ. ನೆರಳು ಮಾತ್ರ ಒಂದೇ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪಕ್ಷಿ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ಸದಕಾ ಆಗುತ್ತದೆ ಎಂದು ಪ್ರವಾದಿ(ಸ)ರವರು ಕಲಿಸಿದ್ದಾರಲ್ಲವೇ? ತಿನ್ನುವವನು ಯಾರೆಂದು ಆ ಬೋಧನೆ ಕೇಳುವುದಿಲ್ಲ.

ಆದರೂ ಉದ್ಯಾನ ತಾನಾಗಿ ಉಳಿಯುವುದಿಲ್ಲ. ನಗರ ಬೆಳೆದಂತೆ ಖಾಲಿ ನೆಲವೆಲ್ಲ ವ್ಯರ್ಥವೆಂದು ತೋರುತ್ತದೆ. ಅದಕ್ಕಾಗಿಯೇ ಕರ್ನಾಟಕದಲ್ಲಿ 1975ರಲ್ಲಿ ಸರಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಬಂತು. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಅದರ ರಕ್ಷಣೆಗೆ ಒಳಪಟ್ಟವು. 1998ರಲ್ಲಿ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಆ ರಕ್ಷಣೆಯಿಂದ ಹೊರಗಿಡಲು ಹೊರಟಾಗ ಬೆಂಗಳೂರಿನ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಮದೀನಾದ ಸಂತೆಯನ್ನು ಕಾದ ನೆನಪು ಮತ್ತು ಈ ಪ್ರತಿಭಟನೆ ಒಂದೇ ವಂಶದವು ಎಂದು ನಮಗೆ ತೋರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮದೇ ಒಂದು ತಪ್ಪನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ನಮ್ಮ ಮೊಹಲ್ಲಾದ ಅಂಚಿನಲ್ಲಿ ಒಂದು ಬಯಲಿದೆ. ಕೆಲವು ವರ್ಷಗಳ ಹಿಂದೆ ನಮ್ಮವರೇ ಒಬ್ಬರು ಅದರ ಮೂಲೆಯಲ್ಲಿ ತಗಡಿನ ಶೆಡ್ ಹಾಕಿದರು. ತಾತ್ಕಾಲಿಕ ಎಂದರು. ಮರುವರ್ಷ ಅದಕ್ಕೆ ಇಟ್ಟಿಗೆಯ ಗೋಡೆ ಬಂತು. ಅದನ್ನು ಕಂಡು ಪಕ್ಕದಲ್ಲಿ ಇನ್ನೊಂದು ಎದ್ದಿತು, ಅದು ಬೇರೆ ಸಮುದಾಯದವರದು. ಎರಡನೆಯದರ ಬಗ್ಗೆ ನಾವು ಗಟ್ಟಿಯಾಗಿ ಮಾತನಾಡಿದೆವು, ಮೊದಲನೆಯದರ ಬಗ್ಗೆ ಮೌನವಾಗಿದ್ದೆವು. ಅವರು ಪರಿಚಿತರು, ಮಸೀದಿಗೆ ದೇಣಿಗೆ ಕೊಡುವವರು ಎಂಬುದು ನಮ್ಮ ಮೌನಕ್ಕೆ ಕಾರಣ. ಉಮರ್(ರ)ರವರು ಕುಲುಮೆ ತೆಗೆಸಿದ ಪ್ರಸಂಗವನ್ನು ಅದೇ ವಾರ ತರಗತಿಯಲ್ಲಿ ಪಾಠ ಮಾಡಿದ್ದೆವು. ಇಂದು ಮಕ್ಕಳು ರಸ್ತೆಯಲ್ಲಿ ಚೆಂಡಾಡುತ್ತಾರೆ. ವಾಹನ ಬಂದಾಗ ಅವರು ಬದಿಗೆ ಸರಿಯುವುದನ್ನು ನೋಡಿದಾಗಲೆಲ್ಲ ಆ ಪಾಠ ನಮ್ಮನ್ನು ಚುಚ್ಚುತ್ತದೆ.

ಅಮಾನತು ಎಂದರೆ ನಮ್ಮ ವಶದಲ್ಲಿದ್ದರೂ ನಮ್ಮದಲ್ಲದ ವಸ್ತು. ದಾರಿಬದಿಯಲ್ಲಿ ಕೂರುವುದಾದರೆ ದಾರಿಯ ಹಕ್ಕನ್ನು ಸಲ್ಲಿಸಿ ಎಂದು ಪ್ರವಾದಿ(ಸ)ರವರು ಸಹಾಬಿಗಳಿಗೆ ಹೇಳಿದ್ದರು. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು ಆ ಹಕ್ಕಿನಲ್ಲಿ ಸೇರಿವೆ. ಉದ್ಯಾನದ ಹಕ್ಕೂ ಇದೇ. ಈದ್ ದಿನ ಕುಟುಂಬ ಸಮೇತ ಪಾರ್ಕಿಗೆ ಹೋದಾಗ ಊಟದ ಕಾಗದದ ತಟ್ಟೆಗಳನ್ನು ಅಲ್ಲೇ ಬಿಟ್ಟು ಬಂದರೆ, ನಾಳೆ ಬರುವವನ ಪಾಲನ್ನು ನಾವು ಇಂದೇ ತಿಂದಂತೆ.

ಲಾಲ್‌ಬಾಗ್‌ನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರವಿದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಅದು ಕಂಡ ಒಡೆಯರೆಲ್ಲ ಹೋದರು. ಆ ಬಾಲಕಿ ಈಗ ಏಳನೆಯ ತರಗತಿಯಲ್ಲಿದ್ದಾಳೆ. ಮುಂದಿನ ಪ್ರವಾಸದಲ್ಲಿ ಅವಳಿಗೆ ನಮ್ಮ ಉತ್ತರವನ್ನು ಹೇಳಬೇಕೆಂದಿದ್ದೇವೆ: ಮಗಳೇ, ಇದು ನಿನಗಿಂತ ಮೊದಲು ಬಂದವರದು, ನಿನ್ನ ನಂತರ ಬರುವವರದು, ನೀನು ಎದ್ದು ಹೋಗುವವರೆಗೆ ಇದು ನಿನ್ನದು. ಅದಕ್ಕೂ ಮೊದಲು ಆ ಶೆಡ್ಡಿನ ಮಾಲೀಕರ ಮನೆಗೆ ಹೋಗಿ ನಾವು ಒಂದು ಮಾತು ಆಡಬೇಕಾಗಿದೆ.

ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ಮುಟ್ಟಿಸುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.