ಜಿಂಕೆಯ ಮಾಂಸ ಮತ್ತು ಹಸಿದವನ ಪಾಲು

ಬೆಂಗಳೂರಿನ ಉತ್ತರಕ್ಕಿರುವ ಹೆಸರಘಟ್ಟವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಕೆರೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಆ ಕೆರೆಯ ನೀರು ಕುಡಿದೇ ಅಂದಿನ ಬೆಂಗಳೂರು ಬೆಳೆಯಿತು. ಕೆರೆಯ ಸುತ್ತಲಿನ ಹುಲ್ಲುಗಾವಲಿನ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಅದನ್ನು ಸಂರಕ್ಷಿತ ಪ್ರದೇಶವಾಗಿ ಘೋಷಿಸಬೇಕೆಂಬ ಬೇಡಿಕೆಯನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು. 2024ರಲ್ಲಿ ಅದೇ ಮಂಡಳಿ ಒಪ್ಪಿಗೆ ಕೊಟ್ಟಿತು. ಇಂತಹ ಬಯಲುಗಳೇ ಕೃಷ್ಣಮೃಗದ ತವರು. ಆದರೆ ಇಂದು ಹೆಸರಘಟ್ಟದವರು ಅದರ ಹಿಂಡನ್ನು ನೋಡಬೇಕಾದರೆ ಮಧುಗಿರಿ ತಾಲೂಕಿನ ಮೈದನಹಳ್ಳಿಯವರೆಗೆ ಹೋಗಬೇಕು.

ಈ ಬಯಲಿನಲ್ಲಿ ನಿಂತು ಒಂದು ದೂರದ ದೇಶದ ಸಂಗತಿಯನ್ನು ನೆನೆಯೋಣ. ಅಮೆರಿಕದಲ್ಲಿ ಬೇಟೆಗಾರರು ತಾವು ಹೊಡೆದ ಜಿಂಕೆಯನ್ನು ಬಡವರಿಗಾಗಿ ದಾನ ಕೊಡುವ ಪದ್ಧತಿಯಿದೆ. ವರ್ಜೀನಿಯಾದಲ್ಲಿ 1991ರಲ್ಲಿ, ಮೇರಿಲ್ಯಾಂಡಿನಲ್ಲಿ 1997ರಲ್ಲಿ ಇದಕ್ಕೆಂದೇ ಸಂಸ್ಥೆಗಳು ಹುಟ್ಟಿದವು. ಬೇಟೆಗಾರ ಜಿಂಕೆಯನ್ನು ಗೊತ್ತುಪಡಿಸಿದ ಕಸಾಯಿಯ ಬಳಿ ಇಳಿಸಿ ಹೋಗುತ್ತಾನೆ. ಕಸಾಯಿ ಅದನ್ನು ಖೀಮಾ ಮಾಡಿ, ಪೊಟ್ಟಣ ಕಟ್ಟಿ, ಹೆಪ್ಪುಗಟ್ಟಿಸುತ್ತಾನೆ. ಕೂಲಿಯನ್ನು ಸಂಸ್ಥೆ ಭರಿಸುತ್ತದೆ. ಒಂದು ಜಿಂಕೆಯಿಂದ ಸುಮಾರು 20 ಕಿಲೋ ಮಾಂಸ ಸಿಕ್ಕಿ, ಆಹಾರ ಬ್ಯಾಂಕುಗಳ ಮೂಲಕ ಬಡವರ ಮನೆ ಸೇರುತ್ತದೆ.

ಕೇಳಲು ಸೊಗಸಾಗಿದೆ. ಆದರೆ ಅಲ್ಲಿ ಜಿಂಕೆ 'ಹೆಚ್ಚುವರಿ'ಯಾದದ್ದು ಹೇಗೆ? 19ನೆಯ ಶತಮಾನದಲ್ಲಿ ಪೇಟೆಯಲ್ಲಿ ಮಾರಲೆಂದೇ ಬೇಟೆಯಾಡಿ ಅವರು ಜಿಂಕೆಯನ್ನು ನಾಶದ ಅಂಚಿಗೆ ತಂದಿದ್ದರು. 1900ರ ಹೊತ್ತಿಗೆ ಇಡೀ ದೇಶದಲ್ಲಿ ಕೆಲವು ಲಕ್ಷವಷ್ಟೇ ಉಳಿದಿದ್ದವು. ಆಮೇಲೆ ಕಾನೂನು ಬಂತು, ಬೇಟೆಗೆ ಋತು ಗೊತ್ತಾಯಿತು, ಕಾಡು ಜಿಂಕೆಯ ಮಾಂಸ ಮಾರುವುದು ನಿಂತಿತು. ಅಷ್ಟರಲ್ಲಿ ಜಿಂಕೆಯನ್ನು ತಿನ್ನುವ ತೋಳಗಳನ್ನೂ ಕೊಂದು ಮುಗಿಸಿದ್ದರು. ಈಗ ಸುಮಾರು 3 ಕೋಟಿ ಜಿಂಕೆಗಳಿವೆ. ಮಾರಲು ಬಾರದ ಮಾಂಸವಾದ್ದರಿಂದಲೇ ಅದು ದಾನದ ಮಾಂಸವಾಯಿತು ಎಂಬುದನ್ನು ಗಮನಿಸಬೇಕು. ದಾನಕ್ಕೂ ಅದರದೇ ಸಂಕಟವಿದೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ದಾನದ ಮಾಂಸದ ಪೊಟ್ಟಣಗಳಲ್ಲಿ ಗುಂಡಿನ ಸೀಸದ ಚೂರುಗಳು ಪತ್ತೆಯಾಗಿ, ಇದ್ದುದನ್ನೆಲ್ಲ ಎಸೆಯುವಂತೆ ಹೇಳಬೇಕಾಯಿತು. ಬಡವನಿಗೆ ಕೊಡುವುದಲ್ಲವೇ ಎಂದು ಯಾರೂ ಅದನ್ನು ಹಂಚಲು ಹೋಗಲಿಲ್ಲ, ಅಷ್ಟರಮಟ್ಟಿಗೆ ಮೆಚ್ಚಬೇಕು.

ನಮ್ಮಲ್ಲಿ ಬೇಟೆ ಮತ್ತು ಹಂಚಿಕೆ ಹೊಸತೇನಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಇಂದಿಗೂ ಗುಡ್ಡೆ ಮಾಂಸ ಹಾಕುತ್ತಾರೆ. ಎಲ್ಲ ಭಾಗದ ತುಂಡುಗಳೂ ಎಲ್ಲ ಗುಡ್ಡೆಗೂ ಬೀಳಬೇಕು. ಒಬ್ಬರಿಗೆ ಬರೀ ಮೂಳೆ, ಇನ್ನೊಬ್ಬರಿಗೆ ಬರೀ ಮೆದು ಮಾಂಸ ಎಂದಾಗಬಾರದು. ಒಂದು ಕಾಲದಲ್ಲಿ ಆ ದಿನ ಊರಿಗೆ ಊರೇ ಬೇಟೆಗೆ ಹೋಗುತ್ತಿತ್ತು. ಅರಮನೆಯ ಬೇಟೆಯ ಲೆಕ್ಕ ಬೇರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಳಿ ಜಿಂಕೆ ಹಿಡಿಯಲು ಪಳಗಿಸಿದ ಚೀತಾಗಳಿದ್ದವು. 1799ರ ಬಳಿಕ ಅವು ಇಂಗ್ಲಿಷರ ಪಾಲಾದವು. ಮುಂದೆ ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನುಗಾರಿಕೆಯನ್ನು ಕಟ್ಟುಪಾಡಿಗೊಳಪಡಿಸಿ ಕಾಯಿದೆ ತಂದಿತು. ಮಹಾರಾಜರ, ದೊರೆಗಳ ಶಿಕಾರಿ ಅದರಿಂದ ನಿಲ್ಲಲಿಲ್ಲ. ಸಾಮಾನ್ಯನ ಸಾರಿನ ಮಡಕೆಗೆ ಮಾತ್ರ ಕಾನೂನು ಮೊದಲು ಬಂದು ಮುಟ್ಟಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೊನೆಗೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. 1991ರ ತಿದ್ದುಪಡಿಯ ನಂತರ ಹವ್ಯಾಸದ ಬೇಟೆಗೆ ಪರವಾನಗಿಯೇ ಇಲ್ಲ. ಕಾಯಿದೆಯ 39ನೆಯ ಕಲಮಿನಂತೆ ಸತ್ತ ವನ್ಯಪ್ರಾಣಿ ಸರಕಾರದ ಸ್ವತ್ತು. ಹೆದ್ದಾರಿಯಲ್ಲಿ ಲಾರಿ ಬಡಿದು ಸತ್ತ ಚುಕ್ಕೆ ಜಿಂಕೆಯನ್ನೂ ಯಾರೂ ಮನೆಗೆ ಒಯ್ಯುವಂತಿಲ್ಲ. ಕಠಿಣವೆನಿಸಬಹುದು. ಆದರೆ ಸತ್ತದ್ದನ್ನು ಒಯ್ಯಬಹುದೆಂದರೆ ಸಾಯಿಸಿ ಒಯ್ಯುವವರನ್ನು ತಡೆಯುವುದು ಹೇಗೆ?

ಕಷ್ಟದ ಪ್ರಶ್ನೆ ಬೇರೆಯಿದೆ. ಕೊಪ್ಪಳ, ಗದಗದ ರೈತರ ಬೆಳೆಯನ್ನು ಕೃಷ್ಣಮೃಗಗಳ ಹಿಂಡು ಮೇಯ್ದು ಹೋಗುತ್ತದೆ. ಬಿತ್ತಿದವನಿಗೆ ಅದು ಕಾಳಿದಾಸನ ಮೃಗವಲ್ಲ, ಸಾಲದ ಕಂತು. ಬಿಹಾರದಲ್ಲಿ ಇಂತಹದೇ ದೂರಿನ ಮೇಲೆ ಕೇಂದ್ರ ಸರಕಾರ ನೀಲ್‌ಗಾಯ್‌ಗಳನ್ನು ಉಪದ್ರವಕಾರಿ ಎಂದು ಘೋಷಿಸಿತು. 2016ರ ಜೂನ್‌ನಲ್ಲಿ ಮೊಕಾಮಾದಲ್ಲಿ 200ಕ್ಕೂ ಹೆಚ್ಚು ಪ್ರಾಣಿಗಳನ್ನು ಗುಂಡಿಕ್ಕಿದಾಗ ಕೇಂದ್ರದ ಇಬ್ಬರು ಮಂತ್ರಿಗಳೇ ಬಹಿರಂಗವಾಗಿ ಜಗಳವಾಡಿದರು. 2019ರಲ್ಲಿ ವೈಶಾಲಿಯಲ್ಲಿ ಗುಂಡೇಟು ತಿಂದ ಒಂದು ನೀಲ್‌ಗಾಯ್ ಇನ್ನೂ ಜೀವಂತ ಇರುವಾಗಲೇ ಜೆಸಿಬಿ ಯಂತ್ರ ಅದರ ಮೇಲೆ ಮಣ್ಣೆಳೆದ ದೃಶ್ಯ ದೇಶವೆಲ್ಲ ಹರಡಿತು. ಕೇರಳದಲ್ಲೂ ಬೆಳೆ ಕಾಯಲು ಕೊಂದ ಕಾಡುಹಂದಿಯನ್ನು ಹೂಳಬೇಕೆಂಬುದೇ ನಿಯಮ. ಕೊಲ್ಲಲು ಅನುಮತಿ, ತಿನ್ನಲು ನಿಷೇಧ ಎಂಬುದು ವಿಚಿತ್ರವೆಂದು ಕಾಣುತ್ತದೆ. ಆದರೂ ನಾವು ಈ ನಿಷೇಧದ ಪರವೇ. ಮಾಂಸಕ್ಕೆ ಬೆಲೆ ಬಂದ ದಿನ ಎಲ್ಲ ಜಿಂಕೆಯೂ 'ಹೆಚ್ಚುವರಿ'ಯೇ ಆಗಿಬಿಡುತ್ತದೆ. ರೈತನಿಗೆ ಬೇಕಿರುವುದು ಜಿಂಕೆಯ ಮಾಂಸವಲ್ಲ, ಬೆಳೆಯ ಪರಿಹಾರ, ಅದೂ ಮುಂದಿನ ಬಿತ್ತನೆಯ ಮೊದಲು.

ಬೇಟೆ ಮತ್ತು ಹಸಿವಿನ ನಂಟನ್ನು ಪವಿತ್ರ ಕುರ್‌ಆನ್ ಬೇರೆಯೇ ರೀತಿಯಲ್ಲಿ ಹೆಣೆದಿದೆ. ಪಳಗಿಸಿದ ಪ್ರಾಣಿಗಳಿಂದ ಬೇಟೆಯಾಡಲು ಅಲ್ಲಿ ಅನುಮತಿಯಿದೆ. ಆದರೆ ಇಹ್ರಾಮ್‌ನಲ್ಲಿರುವ ಯಾತ್ರಿಕ ಬೇಟೆಯಾಡುವಂತಿಲ್ಲ. ಬೇಕೆಂದೇ ಕೊಂದರೆ ಅದಕ್ಕೆ ಸಮನಾದ ಸಾಕುಪ್ರಾಣಿಯನ್ನು ಬಲಿಯರ್ಪಿಸಬೇಕು, ಇಲ್ಲವೇ ಬಡವರಿಗೆ ಉಣಬಡಿಸಬೇಕು, ಇಲ್ಲವೇ ಉಪವಾಸ ಹಿಡಿಯಬೇಕು. ಒಂದು ಜಿಂಕೆಗೆ ಒಂದು ಆಡು ಎಂದು ಖಲೀಫ ಉಮರ್ ತೀರ್ಪಿತ್ತರೆಂದು ವರದಿಯಿದೆ. ಕಾಡಿನ ಜೀವಕ್ಕೆ ತಗಲಿದ ದಂಡ ಹಸಿದವನ ತಟ್ಟೆಗೆ ಹೋಗುತ್ತದೆ!

ಹೆಚ್ಚಾದ ಮಾಂಸವನ್ನು ಬಡವರಿಗೆ ತಲುಪಿಸಿದ ದೊಡ್ಡ ಪ್ರಯೋಗವೂ ಹಜ್ಜ್‌ನೊಂದಿಗೇ ಸೇರಿಕೊಂಡಿದೆ. ಮಿನಾದಲ್ಲಿ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಕುರಿಗಳ ಬಲಿಯಾಗುತ್ತದೆ. ಹಿಂದೆ ಬಿಸಿಲಿನಲ್ಲಿ ಕೆಡುತ್ತಿದ್ದ ಮಾಂಸದ ಬಹುಪಾಲನ್ನು ಹೂಳಲಾಗುತ್ತಿತ್ತು. 1983ರಲ್ಲಿ ಸೌದಿ ಸರಕಾರ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಈ ಹೊಣೆ ಒಪ್ಪಿಸಿತು. ಯಾತ್ರಿಕ ಮುಂಗಡ ಹಣ ಕಟ್ಟಿ ಕೂಪನ್ ಪಡೆಯುತ್ತಾನೆ. ಪಶುವೈದ್ಯರ ತಪಾಸಣೆ, ಶೀತಲಗೃಹ, ಹಡಗು. ಹರಮ್‌ನ ಬಡವರಿಗೆ ಹಂಚಿ ಉಳಿದದ್ದು ಏಷ್ಯಾ, ಆಫ್ರಿಕಾದ ಹತ್ತಾರು ದೇಶಗಳಿಗೆ ಹೋಗುತ್ತದೆ. ನಂಬಿಕೆ ಸಾವಿರದ ನಾಲ್ಕುನೂರು ವರ್ಷ ಹಳೆಯದು. ಅದು ದೂರದ ಹಸಿದವನನ್ನು ತಲುಪಲು ಶೀತಲ ಪೆಟ್ಟಿಗೆ ಬರಬೇಕಾಯಿತು.

ಇನ್ನು ನಮ್ಮ ಮೊಹಲ್ಲಾಗಳು. ಬಕ್ರೀದ್‌ನಂದು ಹಸಿದವನ ಪಾಲು ಎತ್ತಿಡುವವರು ಬಹಳ. ಆದರೆ ಫ್ರಿಜ್ ಇರುವ ಮನೆಗಳ ನಡುವೆಯೇ ತಟ್ಟೆಗಳು ಸುತ್ತುವುದನ್ನೂ ನಾವು ನೋಡುತ್ತೇವೆ. ಅದೇ ದಿನ ಊರಾಚೆಯ ಕಟ್ಟಡ ಕೂಲಿಗಳ ಶೆಡ್ಡುಗಳಿಗೆ, ಹೆಸರಘಟ್ಟದ ಕಡೆಯ ಇಟ್ಟಿಗೆ ಗೂಡುಗಳಿಗೆ ತಲುಪುವುದು ಎಷ್ಟು? ನಾಲ್ಕು ಮಸೀದಿಗಳು ಕೂಡಿ ಒಂದು ಡೀಪ್ ಫ್ರೀಜರ್, ಒಂದು ಟೆಂಪೊ ಗೊತ್ತು ಮಾಡಿದರೆ ಮೂರು ದಿನದ ಮಾಂಸ ಮೂರು ವಾರ ಹಂಚಬಹುದು. ತಿನ್ನುವವರು, ತಿನ್ನದವರು ಯಾರೆಂದು ಕೇಳಿ ತಿಳಿದು ಕೊಟ್ಟರೆ ಯಾರ ಮನಸ್ಸೂ ನೋಯುವುದಿಲ್ಲ.