ಗಲ್ಲಾದ ಮುಂದಿನ ಕಾಯಿಲೆ: ಕೋವಿಡ್ ಕಾಲದ ಅಂಗಡಿ ಕೆಲಸಗಾರರು ಮತ್ತು ಕರ್ನಾಟಕದ ಕಾಯಿಲೆ ರಜೆ

ಸಾರಾಂಶ

ಕೋವಿಡ್ ಕಾಲದಲ್ಲಿ ಬಾಗಿಲು ತೆರೆದೇ ಇದ್ದ ದಿನಸಿ ಮತ್ತು ಔಷಧ ಅಂಗಡಿಗಳ ಕೆಲಸಗಾರರು ಸೋಂಕಿನ ದಾರಿಯಲ್ಲೇ ನಿಂತು ದುಡಿದರು. ಆಗ ಅವರಿಗೆ ಅನ್ವಯಿಸುತ್ತಿದ್ದ ಎರಡು ಮುಖ್ಯ ಕಾನೂನುಗಳೆಂದರೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ಮತ್ತು ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಅಧಿನಿಯಮ, 1948. ಎರಡೂ ಕಾಯಿಲೆಯನ್ನು ಕೆಲಸಗಾರನ ಸ್ವಂತ ನಷ್ಟವೆಂದು ಎಣಿಸಿ ಪರಿಹಾರ ಕೊಡುತ್ತಿದ್ದವು. ಸಾಂಕ್ರಾಮಿಕದಲ್ಲಿ ರಜೆಯ ಕೆಲಸ ಬೇರೆ. ಅದು ಗಿರಾಕಿಯನ್ನೂ ಕಾಯುತ್ತದೆ. ರೋಗಲಕ್ಷಣವಿಲ್ಲದ ಸೋಂಕಿತ ಮತ್ತು ರೋಗಿಯಲ್ಲದ ಸಂಪರ್ಕಿತ, ಈ ಇಬ್ಬರನ್ನೂ ಮನೆಯಲ್ಲಿ ಉಳಿಸಲಾಗದ ರಜೆ ತನ್ನ ಮುಖ್ಯ ಕೆಲಸದಲ್ಲೇ ಸೋಲುತ್ತದೆ ಎಂಬುದು ಈ ಲೇಖನದ ವಾದ.

ಪ್ರಮುಖ ಪದಗಳು: ಅಂಗಡಿ ಕೆಲಸಗಾರರು, ಕಾಯಿಲೆ ರಜೆ, ಇಎಸ್‌ಐ, ಸಂಪರ್ಕಿತರು, ಕೋವಿಡ್

1. ಪೀಠಿಕೆ

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಮನೆಯೊಳಗೆ ಸೇರಿದಾಗ ಹೊರಗುಳಿದವರಲ್ಲಿ ವೈದ್ಯರು, ಪೊಲೀಸರು, ಪೌರಕಾರ್ಮಿಕರು ಎದ್ದು ಕಂಡರು. ಅಕ್ಕಿ, ಬೇಳೆ, ಎಣ್ಣೆ ತೂಗಿ ಕೊಡುತ್ತಿದ್ದವರು ಅಷ್ಟಾಗಿ ಕಾಣಲಿಲ್ಲ. ಅದೇ ಮಾರ್ಚ್ ಕೊನೆಯಲ್ಲಿ ಆರೋಗ್ಯ ಕಾರ್ಯಕರ್ತರಿಗಾಗಿ ಕೇಂದ್ರ ಸರ್ಕಾರ ಪ್ರಕಟಿಸಿದ 50 ಲಕ್ಷ ರೂಪಾಯಿಯ ವಿಮೆ ಅವರಿಗೆ ಇರಲಿಲ್ಲ. 2021ರ ಫೆಬ್ರುವರಿಯಲ್ಲಿ ಲಸಿಕೆ ಪಡೆದ ‘ಮುಂಚೂಣಿ ಕಾರ್ಯಕರ್ತ’ರ ಪಟ್ಟಿಯಲ್ಲಿ ಪೊಲೀಸ್, ನಗರಸಭೆ, ಕಂದಾಯ ಸಿಬ್ಬಂದಿ ಇದ್ದರು, ಅಂಗಡಿಯವರು ತಮ್ಮ ವಯಸ್ಸಿನ ಸರದಿ ಬರುವವರೆಗೆ ಕಾಯಬೇಕಾಯಿತು. 18 ದಾಟಿದವರಿಗೆ ಆ ಸರದಿ ಬಂದದ್ದು ಮೇ 1ರಂದು, ಎರಡನೇ ಅಲೆ ಏರಿ ನಿಂತಿದ್ದಾಗ. ಅದೇ ತಿಂಗಳು ರಾಜ್ಯ ಸರ್ಕಾರ ಕ್ಷೌರಿಕರು, ಅಗಸರು, ಟೈಲರ್‌ಗಳು, ಹಮಾಲರು ಮುಂತಾದವರಿಗೆ ತಲಾ 2,000 ರೂಪಾಯಿ ನೆರವು ಘೋಷಿಸಿತು. ಸಂಬಳಕ್ಕೆ ನಿಂತ ಅಂಗಡಿ ನೌಕರ ಆ ಪಟ್ಟಿಗೂ ಸೇರಲಿಲ್ಲ.

ಪಟ್ಟಿಯಿಂದ ಪಟ್ಟಿಗೆ ಜಾರುತ್ತಾ ಹೋದ ಈ ಕೆಲಸಗಾರನಿಗೆ ಉಳಿದದ್ದು ಒಂದೇ ರಕ್ಷಣೆ: ಮೈ ಸರಿಯಿಲ್ಲದಿದ್ದರೆ ಸಂಬಳ ಕಳೆದುಕೊಳ್ಳದೆ ಮನೆಯಲ್ಲಿರುವ ಅವಕಾಶ. ಆ ಅವಕಾಶ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಕಾನೂನಿನ ಪಠ್ಯ, ಸರ್ಕಾರದ ಆದೇಶ ಮತ್ತು ಸರಳ ಲೆಕ್ಕಗಳ ಮೂಲಕ ಪರಿಶೀಲಿಸುವುದು ಇಲ್ಲಿನ ಉದ್ದೇಶ.

2. ಗಲ್ಲಾದ ಮುಂದೆ ಅಪಾಯದ ಬಗೆ

ದಿನಸಿ ಅಂಗಡಿಯೊಂದರ ಆ ದಿನಗಳ ಚಿತ್ರ ಎಲ್ಲರ ನೆನಪಿನಲ್ಲಿದೆ. ರಸ್ತೆಗೆ ಸುಣ್ಣದಲ್ಲಿ ಬರೆದ ಚೌಕಗಳು, ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗ, ಗಲ್ಲಾದ ಮುಂದೆ ಇಳಿಬಿಟ್ಟ ಪ್ಲಾಸ್ಟಿಕ್ ಹಾಳೆ. ಹಾಳೆಯ ಕೆಳಗಿನ ಸಂದಿಯಲ್ಲೇ ಚೀಟಿ ಒಳಗೆ ಬರಬೇಕು, ಚಿಲ್ಲರೆ ಹೊರಗೆ ಹೋಗಬೇಕು. ಮಾಸ್ಕಿನೊಳಗಿನ ಮಾತು ಕೇಳದೆ ಗಿರಾಕಿ ಹಾಳೆಯನ್ನು ಪಕ್ಕಕ್ಕೆ ಸರಿಸಿ ‘ಅರ್ಧ ಕೆಜಿ’ ಎಂದು ಕೂಗುತ್ತಿದ್ದ. ಒಳಗೆ ಗೋಣಿಚೀಲಗಳ ನಡುವೆ ಇಬ್ಬರು ಮೈ ತಾಗದೆ ಓಡಾಡುವಷ್ಟು ಜಾಗ ಇರುತ್ತಿರಲಿಲ್ಲ. ಮಧ್ಯಾಹ್ನದ ಊಟ ಅದೇ ಗೋದಾಮಿನಲ್ಲಿ, ಮಾಸ್ಕ್ ಇಳಿಸಿ, ಎಲ್ಲರೂ ಒಟ್ಟಿಗೆ.

ಸಂಪರ್ಕ ಪತ್ತೆಯ ಅಳತೆಗೋಲು ಈ ಜಾಗಕ್ಕೆ ಹೊಂದುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಂಪರ್ಕಿತನನ್ನು ಗುರುತಿಸಲು ಬಳಸಿದ ಮುಖ್ಯ ಅಳತೆ 1 ಮೀಟರ್ ಅಂತರದೊಳಗೆ, 15 ನಿಮಿಷಕ್ಕಿಂತ ಹೆಚ್ಚು ಕಾಲ. ಗಲ್ಲಾದಲ್ಲಿ ಕೂತವನ ಮುಂದೆ ಒಬ್ಬ ಗಿರಾಕಿ ನಿಲ್ಲುವುದು ಎರಡು ಮೂರು ನಿಮಿಷ. ದಿನಕ್ಕೆ ಇನ್ನೂರು ಮಂದಿ ಬಂದರೂ ಅವರಲ್ಲೊಬ್ಬರೂ ಈ ಅಳತೆಗೆ ಸಿಗುವುದಿಲ್ಲ. ಆದರೂ ಅವನು ಅಷ್ಟೂ ಜನರ ಉಸಿರಿನ ಎದುರು ದಿನವಿಡೀ ಕೂತಿರುತ್ತಾನೆ. ಅಪಾಯ ಹನಿಹನಿಯಾಗಿ ಕೂಡುತ್ತದೆ, ಕಡತಕ್ಕೆ ಏರುವುದಿಲ್ಲ.

ಈ ಅಪಾಯವನ್ನು ಅಂಕಿಯಲ್ಲಿ ತೋರಿಸಿದ ಮೊದಲ ಅಧ್ಯಯನಗಳಲ್ಲಿ ಒಂದು ಅಮೆರಿಕದ ಬಾಸ್ಟನ್ನಿನ ದಿನಸಿ ಮಳಿಗೆಯೊಂದರಲ್ಲಿ 2020ರಲ್ಲಿ ನಡೆಯಿತು. ಪರೀಕ್ಷೆಗೆ ಒಳಪಟ್ಟ 104 ಕೆಲಸಗಾರರಲ್ಲಿ ಶೇ 20ರಷ್ಟು ಜನರಿಗೆ ಸೋಂಕಿತ್ತು. ಗಿರಾಕಿಗಳ ಜೊತೆ ನೇರವಾಗಿ ವ್ಯವಹರಿಸುವವರಲ್ಲಿ ಸೋಂಕಿನ ಸಾಧ್ಯತೆ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಕಂಡಿತು. ಸೋಂಕಿತರ ಪೈಕಿ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಒಂದೇ ಮಳಿಗೆಯ ಅಂಕಿಯನ್ನು ಊರೂರಿಗೆ ಅನ್ವಯಿಸುವುದು ತರವಲ್ಲ. ಆದರೆ ಕೊನೆಯ ಸಂಗತಿಯನ್ನು ರಜೆಯ ಚರ್ಚೆ ಬಿಟ್ಟು ಮುಂದೆ ಹೋಗುವಂತಿಲ್ಲ: ಜ್ವರ ಬಂದವನಿಗೆ ಮಾತ್ರ ರಜೆ ಎಂದರೆ, ಅಂಥ ಮಳಿಗೆಯಲ್ಲಿ ಸೋಂಕು ಹೊತ್ತ ಹೆಚ್ಚಿನವರು ಎಂದಿನಂತೆ ಕೆಲಸಕ್ಕೆ ಬರುತ್ತಾರೆ.

ನಿರ್ಬಂಧದ ಕ್ರಮಗಳೇ ಕೆಲವೊಮ್ಮೆ ಅಪಾಯವನ್ನು ಒತ್ತಿ ಕೂಡಿಸಿದವು. 2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ಜಾರಿಯಾದ ಕರ್ಫ್ಯೂನಲ್ಲಿ ದಿನಸಿ ವ್ಯಾಪಾರಕ್ಕೆ ಸಿಕ್ಕಿದ್ದು ಬೆಳಗ್ಗೆ 6ರಿಂದ 10 ಗಂಟೆಯವರೆಗಿನ ಅವಧಿ. ಊರು ಹಗಲೆಲ್ಲಾ ಖಾಲಿಯಾಯಿತು, ನಿಜ. ದಿನವಿಡೀ ಹರಡಿಕೊಂಡು ಬರುತ್ತಿದ್ದ ಗಿರಾಕಿಗಳು ಆ ನಾಲ್ಕು ಗಂಟೆಯಲ್ಲೇ ಬರಬೇಕಾಯಿತು ಎಂಬುದೂ ಅಷ್ಟೇ ನಿಜ. ಬೀದಿಗೆ ಸಿಕ್ಕ ರಕ್ಷಣೆಯ ಬೆಲೆಯನ್ನು ತಕ್ಕಡಿ ಹಿಡಿದವನು ತೆತ್ತ.

3. ಕಾನೂನಿನ ಎರಡು ದಾರಿ

1961ರ ಅಧಿನಿಯಮದ ಪ್ರಕಾರ ಅಂಗಡಿ ಕೆಲಸಗಾರನಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ, ವಾರದ ರಜೆ, ದುಡಿದ 20 ದಿನಕ್ಕೆ ಒಂದರಂತೆ ಗಳಿಕೆ ರಜೆ, ಜೊತೆಗೆ ಕಾಯಿಲೆ ಮುಂತಾದ ಕಾರಣಕ್ಕೆ ವರ್ಷದಲ್ಲಿ 12 ದಿನಗಳವರೆಗೆ ವೇತನಸಹಿತ ರಜೆ ಇದೆ. ಈ ಹಕ್ಕಿಗೆ ಅಂಗಡಿಯಲ್ಲಿ ಹತ್ತು ಜನ ಇರಬೇಕೆಂಬ ಷರತ್ತಿಲ್ಲ. ಕಾಗದದ ಮೇಲೆ ಇದು ಉದಾರವಾದ ಕಾನೂನು.

ಎರಡನೆಯ ದಾರಿ ಇಎಸ್‌ಐ. ಇದರ ಹುಟ್ಟು ಕಾರ್ಖಾನೆಯ ಸುತ್ತ. ಬಿ. ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿ ಕಾರ್ಖಾನೆಯ ಕಾರ್ಮಿಕರನ್ನು ಕುರಿತದ್ದಾಗಿತ್ತು. ಯೋಜನೆ 1952ರ ಫೆಬ್ರುವರಿ 24ರಂದು ಮೊದಲು ಆರಂಭವಾದದ್ದು ಕಾನ್ಪುರ ಮತ್ತು ದೆಹಲಿಯಲ್ಲಿ. ಅಂಗಡಿಗಳು ಅದರೊಳಗೆ ಬಂದದ್ದು ಆಮೇಲೆ, ಅಧಿಸೂಚನೆಗಳ ಮೂಲಕ. ಕೋವಿಡ್ ಕಾಲದಲ್ಲಿ ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಿದ್ದರು. 2019ರ ಜುಲೈನಿಂದ ಮಾಲೀಕನ ವಂತಿಗೆ ಸಂಬಳದ ಶೇ 3.25, ಕೆಲಸಗಾರನದು ಶೇ 0.75. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ನಗದು ಸಿಗುತ್ತಿತ್ತು. ಕಾಯಿಲೆಯ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಏನೂ ಇರಲಿಲ್ಲ. ಈ ಸೌಲಭ್ಯ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆ ಅಧಿನಿಯಮದ 73ನೇ ಪ್ರಕರಣದಲ್ಲಿತ್ತು.

ಎರಡೂ ದಾರಿಗಳ ಬಾಗಿಲಲ್ಲಿ ಕಾಗದ ಕೇಳುತ್ತಾರೆ. 1961ರ ಕಾನೂನಿನಡಿ ನೇಮಕಾತಿ ಪತ್ರಕ್ಕೆ ‘ನಮೂನೆ ಕ್ಯೂ’, ರಜೆಯ ವಹಿಗೆ ‘ನಮೂನೆ ಎಫ್’ ಇವೆ. ಆದರೆ ಊರಿನವನೊಬ್ಬ ಕರೆತಂದು ಸೇರಿಸಿದ ಹುಡುಗನಿಗೆ, ಮುಂಗಡ ಪಡೆದು ದುಡಿಯುವವನಿಗೆ ನೇಮಕದ ಪತ್ರ ಎಲ್ಲಿಂದ ಬರಬೇಕು? ಕೋವಿಡ್‌ಗೆ ಮುನ್ನಿನ 2018–19ರ ನಿಯತಕಾಲಿಕ ಶ್ರಮಬಲ ಸಮೀಕ್ಷೆಯ ಪ್ರಕಾರ, ಕೃಷಿಯೇತರ ವಲಯದಲ್ಲಿ ನಿಯಮಿತ ಸಂಬಳ ಪಡೆಯುವವರಲ್ಲೇ ಶೇ 69.5 ಜನರಿಗೆ ಲಿಖಿತ ಕರಾರು ಇರಲಿಲ್ಲ, ಶೇ 53.8 ಜನರಿಗೆ ವೇತನಸಹಿತ ರಜೆ ಇರಲಿಲ್ಲ, ಶೇ 51.9 ಜನರಿಗೆ ಯಾವ ಸಾಮಾಜಿಕ ಭದ್ರತೆಯೂ ಇರಲಿಲ್ಲ. ಇದು ಇಡೀ ದೇಶದ, ಎಲ್ಲ ಉದ್ಯೋಗಗಳ ಅಂಕಿ. ಕರಾರಿಲ್ಲದ ಕಡೆ ರಜೆಯ ಹಕ್ಕು ಮಾಲೀಕನ ಒಳ್ಳೆಯತನವಾಗಿ ಮಾರ್ಪಡುತ್ತದೆ ಎಂಬುದನ್ನು ಅದು ಸೂಚಿಸುತ್ತದೆ.

4. ರಜೆಯ ಲೆಕ್ಕ

ತಿಂಗಳಿಗೆ 15,000 ರೂಪಾಯಿ, ಅಂದರೆ ದಿನಕ್ಕೆ 500 ರೂಪಾಯಿ ಸಂಬಳದ, ಇಎಸ್‌ಐ ಇರುವ, ಆದರೆ 1961ರ ಕಾನೂನಿನ ರಜೆ ಕೈಗೆ ಸಿಗದ ಸೇಲ್ಸ್‌ಮನ್ ಒಬ್ಬನನ್ನು ಊಹಿಸಿಕೊಳ್ಳೋಣ. ಅವನಿಗೆ ಸೋಂಕು ದೃಢಪಟ್ಟು 14 ದಿನ ಮನೆಯಲ್ಲಿರಬೇಕಾಗಿದೆ. ಪೂರ್ಣ ಸಂಬಳವಾದರೆ 7,000. ಮೊದಲ ಎರಡು ದಿನ ಬಿಟ್ಟು ಉಳಿದ 12 ದಿನಕ್ಕೆ 350ರಂತೆ ಸಿಗುವುದು 4,200. ಕೈಬಿಟ್ಟು ಹೋದದ್ದು 2,800. ಮನೆ ಬಾಡಿಗೆಯ ದೊಡ್ಡ ಪಾಲಿಗೆ ಸಮನಾದ ಈ ಮೊತ್ತ, ಗಂಟಲು ಕೆರೆತವನ್ನು ‘ಬರೀ ಶೀತ’ ಎಂದು ತಳ್ಳಿಹಾಕಲು ಸಾಕು.

ಈಗ ಅವನ ಜೊತೆ ಕೋಣೆ ಹಂಚಿಕೊಂಡ ಗೆಳೆಯನ ಲೆಕ್ಕ. ಅವನು ಪ್ರಾಥಮಿಕ ಸಂಪರ್ಕಿತ. ಕೈಗೆ ಕ್ವಾರಂಟೈನ್ ಮುದ್ರೆ ಬಿದ್ದಿದೆ, ಮೈಯಲ್ಲಿ ಏನೂ ತೊಂದರೆಯಿಲ್ಲ. ಇಎಸ್‌ಐ ಅಧಿನಿಯಮದ ಅರ್ಥದಲ್ಲಿ ‘ಕಾಯಿಲೆ’ ಎನಿಸಿಕೊಳ್ಳಲು ಎರಡು ಅಂಶಗಳೂ ಬೇಕಿದ್ದವು: ವೈದ್ಯಕೀಯ ಚಿಕಿತ್ಸೆಯ ಅಗತ್ಯ ಮತ್ತು ವೈದ್ಯಕೀಯ ಕಾರಣಕ್ಕೆ ಕೆಲಸದಿಂದ ದೂರ ಇರಬೇಕಾದ ಸ್ಥಿತಿ. ಗೆಳೆಯನಿಗೆ ಎರಡನೆಯದು ಮಾತ್ರ ಇದೆ. ಮಾಲೀಕ ಮನಸ್ಸು ಮಾಡದಿದ್ದರೆ ಅವನ ನಷ್ಟ ಪೂರ್ತಿ 7,000. ರೋಗಿಗಿಂತ ರೋಗಿಯಲ್ಲದವನು ಹೆಚ್ಚು ಕಳೆದುಕೊಳ್ಳುವ ಈ ವಿಚಿತ್ರ, ವ್ಯಾಖ್ಯಾನದಿಂದಲೇ ಹುಟ್ಟಿದ್ದು.

ವಂತಿಗೆಯ ಕಾಲಪಟ್ಟಿಯಲ್ಲೂ ಒಂದು ತೊಡಕಿದೆ. ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಪಡೆಯಬೇಕಾದರೆ ಹಿಂದಿನ ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು ಎಂಬುದು ಮೂಲ ನಿಯಮ. 2021ರ ಎರಡನೇ ಅಲೆಗೆ ಇದನ್ನು ಅನ್ವಯಿಸಿ ನೋಡಿದರೆ, ಆಧಾರವಾಗುವ ಅವಧಿ 2020ರ ಏಪ್ರಿಲ್–ಸೆಪ್ಟೆಂಬರ್. ಜವಳಿ ಅಂಗಡಿ, ಮಾಲ್‌ಗಳು ಬಾಗಿಲು ಹಾಕಿದ್ದ, ತೆರೆದ ಮೇಲೂ ಅರೆಬರೆ ಸಂಬಳ ನಡೆದ ತಿಂಗಳುಗಳು. ಮೊದಲ ಅಲೆಯಲ್ಲಿ ಸಂಬಳ ಕಳೆದುಕೊಂಡವನೇ ಎರಡನೇ ಅಲೆಯಲ್ಲಿ ಕಾಯಿಲೆ ಹಣದಿಂದಲೂ ಹೊರಗುಳಿಯುವಂತೆ ನಿಯಮದ ಜೋಡಣೆಯಿದೆ. ಸಡಿಲಿಕೆಯ ಆದೇಶದಿಂದ ಇದನ್ನು ಸರಿಪಡಿಸಬಹುದು. ಆದರೆ ಆದೇಶ ಬರುವಷ್ಟರಲ್ಲಿ ಜ್ವರ ಬಂದುಹೋಗಿರುತ್ತದೆ.

5. ತುರ್ತಿನ ಆದೇಶಗಳು

ಸರ್ಕಾರಗಳು ಕೈಕಟ್ಟಿ ಕೂತಿರಲಿಲ್ಲ. 2020ರ ಮಾರ್ಚ್‌ನಲ್ಲಿ ರಾಜ್ಯದ ಕಾರ್ಮಿಕ ಇಲಾಖೆ ಸೋಂಕಿತ ನೌಕರರಿಗೆ 28 ದಿನಗಳ ವೇತನಸಹಿತ ರಜೆಯ ಸೂಚನೆ ಕೊಟ್ಟಿತು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಮುಚ್ಚಿದ ಅಂಗಡಿಗಳೂ ಸೇರಿದಂತೆ ಎಲ್ಲ ಮಾಲೀಕರು ಸಂಬಳ ಹಿಡಿಯದೆ ಕೊಡಬೇಕೆಂದು ಆದೇಶಿಸಿತು. ಆ ಆದೇಶ ಮೇ 18ಕ್ಕೆ ಹಿಂದೆ ಸರಿಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಅವರೂ ಕೆಲಸಗಾರರೂ ಕೂತು ಮಾತಾಡಿಕೊಳ್ಳಲಿ ಎಂದಿತು. ನೇಮಕದ ಪತ್ರವೇ ಇಲ್ಲದವನು ಸಾಹುಕಾರನ ಎದುರು ಕೂತು ಮಾತಾಡುವುದು ಎಷ್ಟು ಸಮಬಲದ ಮಾತುಕತೆಯಾದೀತು?

2021ರ ಜೂನ್‌ನಲ್ಲಿ ಇಎಸ್‌ಐ ನಿಗಮ ತಂದ ಕೋವಿಡ್ ಪರಿಹಾರ ಯೋಜನೆ ಬೆಲೆಯುಳ್ಳದ್ದು: ಸೋಂಕಿನಿಂದ ಸತ್ತ ವಿಮಾದಾರನ ಅವಲಂಬಿತರಿಗೆ ಅವನ ಸರಾಸರಿ ದಿನವೇತನದ ಶೇ 90ರಷ್ಟು, ತಿಂಗಳಿಗೆ ಕನಿಷ್ಠ 1,800 ರೂಪಾಯಿ. ಆದರೆ ಸಾವಿನ ನಂತರದ ಪರಿಹಾರ ಸೋಂಕನ್ನು ತಡೆಯಲಾರದು. ಅದೇ ಜೂನ್‌ನಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ತಂದೆತಾಯಿ ಅಥವಾ ಅವಲಂಬಿತರಿಗೆ ಸೋಂಕು ತಗುಲಿದರೆ 15 ದಿನಗಳ ವಿಶೇಷ ಸಾಂದರ್ಭಿಕ ರಜೆ ಕೊಟ್ಟಿತು. ಸಂಪರ್ಕಿತನಿಗೂ ರಜೆ ಬೇಕೆಂಬ ತಿಳಿವಳಿಕೆ ಸರ್ಕಾರಕ್ಕೆ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ತಿಳಿವಳಿಕೆ ಕಚೇರಿಯ ಮೇಜಿನಿಂದ ಗಲ್ಲಾದವರೆಗೆ ಬರಲಿಲ್ಲ.

6. ಹೊರಗಿನ ಎರಡು ಅನುಭವ

2020ರ ಮಾರ್ಚ್‌ನಲ್ಲಿ ಬ್ರಿಟನ್, ಶಾಸನಬದ್ಧ ಕಾಯಿಲೆ ವೇತನವನ್ನು ನಾಲ್ಕನೇ ದಿನದ ಬದಲು ಮೊದಲ ದಿನದಿಂದಲೇ ಕೊಡಲು ನಿರ್ಧರಿಸಿತು; ಪ್ರತ್ಯೇಕವಾಗಿರಬೇಕಾದ ಸಂಪರ್ಕಿತರನ್ನೂ ಸೇರಿಸಿತು. 250ಕ್ಕಿಂತ ಕಡಿಮೆ ನೌಕರರಿರುವ ಮಾಲೀಕರಿಗೆ ಎರಡು ವಾರಗಳವರೆಗಿನ ಆ ವೆಚ್ಚವನ್ನು ಸರ್ಕಾರ ತುಂಬಿಕೊಟ್ಟಿತು. ಮೊತ್ತ ಮಾತ್ರ ವಾರಕ್ಕೆ ನೂರು ಪೌಂಡ್ ಮುಟ್ಟದಷ್ಟು ಸಣ್ಣದು. ಅಮೆರಿಕ ಅದೇ ವರ್ಷದ ಏಪ್ರಿಲ್ 1ರಿಂದ, ಸೋಂಕಿತರ ಜೊತೆಗೆ ಕ್ವಾರಂಟೈನ್‌ನಲ್ಲಿರಬೇಕಾದವರಿಗೂ 80 ಗಂಟೆಗಳವರೆಗೆ ತುರ್ತು ವೇತನಸಹಿತ ರಜೆ ಕೊಟ್ಟು, ವೆಚ್ಚವನ್ನು ತೆರಿಗೆಯಲ್ಲಿ ಹೊಂದಿಸಿತು. ಆದರೆ 500 ಮತ್ತು ಹೆಚ್ಚು ನೌಕರರ ಖಾಸಗಿ ಕಂಪನಿಗಳನ್ನು ಹೊರಗಿಟ್ಟದ್ದರಿಂದ ದೊಡ್ಡ ಮಳಿಗೆ ಸರಣಿಗಳ ಕೆಲಸಗಾರರೇ ಕೈಬಿಟ್ಟುಹೋದರು. ಆ ಕಾನೂನಿನಿಂದ ಹೊಸದಾಗಿ ರಜೆ ಪಡೆದ ರಾಜ್ಯಗಳಲ್ಲಿ ದಿನಕ್ಕೆ ರಾಜ್ಯವೊಂದಕ್ಕೆ ಸುಮಾರು 400 ಪ್ರಕರಣಗಳು ಕಡಿಮೆಯಾದವೆಂದು 2020ರ ಅರ್ಥಶಾಸ್ತ್ರೀಯ ಅಧ್ಯಯನವೊಂದು ಅಂದಾಜಿಸಿತು. ರಜೆಯ ಫಲ ರಜೆ ಪಡೆದವನಿಗಷ್ಟೇ ನಿಲ್ಲುವುದಿಲ್ಲ ಎಂಬುದಕ್ಕೆ ಇದು ಗಟ್ಟಿ ಆಧಾರ.

7. ಚರ್ಚೆ ಮತ್ತು ಸಮಾರೋಪ

ಸೋಂಕಿತನಿಗೂ ಸಂಪರ್ಕಿತನಿಗೂ ವೇತನಸಹಿತ ರಜೆ ಬೇಕೆಂಬ ವಾದಕ್ಕೆ ಬರುವ ಆಕ್ಷೇಪ ಹಗುರವಾದುದಲ್ಲ. ಇಬ್ಬರು ಕೆಲಸಗಾರರ ಕಿರಾಣಿ ಅಂಗಡಿಯವನು ಒಬ್ಬನಿಗೆ ಎರಡು ವಾರ ಕೂರಿಸಿ ಸಂಬಳ ಕೊಡುವುದು ಹೇಗೆ? ಅಂಗಡಿ ಸೀಲ್‌ಡೌನ್ ಆದರೆ ಅವನ ದುಡಿಮೆಯೂ ನಿಂತಿತು. ಪರೀಕ್ಷೆ ಮಾಡಿಸದಿರುವುದೇ ಮಾಲೀಕನಿಗೂ ಕೆಲಸಗಾರನಿಗೂ ಲಾಭ ಎನ್ನುವಂಥ ಸನ್ನಿವೇಶದಲ್ಲಿ ಇಬ್ಬರನ್ನೂ ದೂರಿ ಫಲವಿಲ್ಲ. ಗಿರಾಕಿಗೆ, ಅವನ ಮೂಲಕ ಊರಿಗೆ ದಕ್ಕುವ ರಕ್ಷಣೆಯ ಖರ್ಚನ್ನು ಊರೇ ಹೊರಬೇಕೆಂಬುದು ಇದರಿಂದ ಹೊಮ್ಮುವ ತೀರ್ಮಾನ.

ಹಾಗಾಗಿ ಮೂರು ಬದಲಾವಣೆಗಳು ಅಗತ್ಯ. ಸಾಂಕ್ರಾಮಿಕ ರೋಗಗಳ ಕಾನೂನಿನಡಿ ಅಧಿಸೂಚನೆ ಹೊರಟ ಕೂಡಲೇ ಇಎಸ್‌ಐನ ಎರಡು ದಿನಗಳ ಕಾಯುವಿಕೆ ಮತ್ತು 78 ದಿನಗಳ ಷರತ್ತು ತಾವಾಗಿಯೇ ಅಮಾನತಾಗಬೇಕು. ಅಧಿಕಾರಿಯ ಆದೇಶದಂತೆ ಪ್ರತ್ಯೇಕವಾಗಿರುವ ಸಂಪರ್ಕಿತನನ್ನು ‘ಕಾಯಿಲೆ’ಯ ವ್ಯಾಖ್ಯಾನಕ್ಕೆ ಸೇರಿಸಿ, ಕ್ವಾರಂಟೈನ್ ಆದೇಶವನ್ನೇ ವೈದ್ಯ ಪ್ರಮಾಣಪತ್ರವೆಂದು ಒಪ್ಪಬೇಕು. ಹತ್ತಕ್ಕಿಂತ ಕಡಿಮೆ ಜನರ ಅಂಗಡಿಗಳಿಗೆ ರಜೆಯ ವೆಚ್ಚವನ್ನು ಸರ್ಕಾರ ಮರುಪಾವತಿಸಬೇಕು. ನೇಮಕಾತಿ ಪತ್ರ ತೋರಿಸಿದವರಿಗೆ ಮಾತ್ರ ಆ ಹಣ ಎಂದರೆ, ‘ನಮೂನೆ ಕ್ಯೂ’ ಬರೆಯಲು ಮಾಲೀಕನಿಗೇ ಕಾರಣ ಸಿಗುತ್ತದೆ.

2021ರ ಜನವರಿಯಲ್ಲಿ, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ, 10 ಮತ್ತು ಹೆಚ್ಚು ನೌಕರರ ಅಂಗಡಿಗಳು ವರ್ಷವಿಡೀ ಹಗಲೂ ರಾತ್ರಿ ತೆರೆದಿರಲು ರಾಜ್ಯ ಸರ್ಕಾರ ಅನುಮತಿ ಕೊಟ್ಟಿತು. ವ್ಯಾಪಾರ ಚೇತರಿಸಲಿ ಎಂಬ ಆಶಯ ತಪ್ಪಲ್ಲ. ಅಂಗಡಿ ಎಷ್ಟು ಹೊತ್ತು ತೆರೆದಿರಬಹುದು ಎಂಬ ಪ್ರಶ್ನೆಗೆ ಅಧಿಸೂಚನೆಯಲ್ಲಿ ಉತ್ತರ ಸಿಕ್ಕಿತು. ಕೆಮ್ಮುತ್ತಿರುವ ಕೆಲಸಗಾರ ಅಂದು ಅಂಗಡಿಗೆ ಬಾರದೆ ಇರಬಹುದೇ ಎಂಬ ಪ್ರಶ್ನೆ ಮಾತ್ರ ಪ್ಲಾಸ್ಟಿಕ್ ಹಾಳೆಯ ಒಳಗೇ ಉಳಿಯಿತು.